ಪಟ್ಟಿ ಬೇಡ, ಬೇರು ಹಿಡಿಯಿರಿ

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಮಗಳು ಸುಸ್ಥಿರ ನಗರ, ವಿಮಾನಯಾನ ವೃತ್ತಿಗಳ ಕುರಿತ ಇಂಗ್ಲಿಷ್ ಪಾಠಗಳ ಪದಗಳನ್ನು ಎಷ್ಟು ಉರು ಹೊಡೆದರೂ ಮರೆಯುತ್ತಾಳೆ. ಏನು ಮಾಡಲಿ?
— ಓರ್ವ ತಾಯಿ, ಡೊಂಬಿವಲಿ

ಉತ್ತರ: ಮೊದಲು ಉರು ಹೊಡೆಸುವುದನ್ನು ನಿಲ್ಲಿಸಿ. ‘ಏವಿಯೇಷನ್’ ಪದದ ಮೂಲದಲ್ಲಿ ಹಕ್ಕಿ ಎಂಬರ್ಥದ ಲ್ಯಾಟಿನ್ ಪದವಿದೆಯೆಂದೂ, ‘ಸಸ್ಟೈನ್’ ಎಂದರೆ ಮೂಲತಃ ಕೆಳಗಿನಿಂದ ಆತು ಹಿಡಿಯುವುದೆಂದೂ ತಿಳಿದ ಮಗು ಅವನ್ನು ಸುಲಭವಾಗಿ ಮರೆಯುವುದಿಲ್ಲ. ಅಡುಗೆಯ ಹೊತ್ತಿನಲ್ಲಿ ಕಟ್ಟಿಕೊಳ್ಳುವ ‘ಏಪ್ರನ್’, ವಿಮಾನ ನಿಲ್ದಾಣದಲ್ಲಿ ವಿಮಾನಗಳನ್ನು ನಿಲ್ಲಿಸಿ ಇಂಧನ ತುಂಬುವ ಅಂಗಳವಾಗುತ್ತದೆ. ಇಂತಹ ಪದಗಳ ಬಳಿ ಹೆಚ್ಚು ಹೊತ್ತು ನಿಲ್ಲಿ. ಮುಂಬಯಿಯ ಸಾಂತಾಕ್ರೂಜ್ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ‘ಇಂಟರ್‌ಸೆಕ್ಟ್’ ಕಲಿಸಲು ಬೇರೆ ಚಿತ್ರವೇಕೆ? ದಿನಕ್ಕೆ 5 ಪದ ಸಾಕು. ಪ್ರತಿಯೊಂದನ್ನೂ ಅವಳು ಸ್ವಂತ ವಾಕ್ಯದಲ್ಲಿ ಬಳಸಲಿ; ಮೊದಲು ಕನ್ನಡದಲ್ಲೇ ಯೋಚಿಸಿದರೂ ತಪ್ಪಿಲ್ಲ.