ಆಬ್ಲಿವಿಯನ್: ಎಂಡ್ಯೂರೆನ್ಸ್ 40ರಲ್ಲೇ ಬಿಟ್ಟು ಲೆವೆಲ್ ಏರಿಸಬೇಡಿ

ಆಬ್ಲಿವಿಯನ್ ಅನ್ನೋ ವಿಡಿಯೋ ಗೇಮ್‌ನಲ್ಲಿ ನಿಮ್ಮ ಪಾತ್ರ ಹೀಗಿದೆ ಅಂತ ಬರೆದಿದೀರಿ: ಲೆವೆಲ್ 16, ಬಾಸ್ಮರ್ (ಕಾಡಿನ ಎಲ್ಫ್ ಜನಾಂಗ), ಬಿಲ್ಲು ಮತ್ತು ಸ್ನೀಕ್ (ಕದ್ದು ನಡೆಯೋದು) ನಂಬಿ ಕಟ್ಟಿದ ಬಿಲ್ಡ್, ಎಂಡ್ಯೂರೆನ್ಸ್ (ತಾಳಿಕೆ) ಇನ್ನೂ 40. ಮೇಜರ್ ಸ್ಕಿಲ್‌ಗಳು (ಒಟ್ಟು ಹತ್ತು ಸಲ ಏರಿದರೆ ಲೆವೆಲ್ ಏರಿಸೋ ಏಳು ಕೌಶಲ, ಉಳಿದವು ಮೈನರ್) ಅಥ್ಲೆಟಿಕ್ಸ್ (ಓಟ), ಅಕ್ರೊಬ್ಯಾಟಿಕ್ಸ್ (ಜಿಗಿತ), ಲೈಟ್ ಆರ್ಮರ್ (ಹಗುರ ಕವಚ), ಸ್ನೀಕ್, ಮಾರ್ಕ್ಸ್‌ಮನ್ (ಬಿಲ್ಲು), ಆಲ್ಕೆಮಿ (ಪೋಶನ್, ವಿಷ ಕುದಿಸೋದು), ರೆಸ್ಟೊರೇಶನ್ (ಗುಣಪಡಿಸೋ ಮಂತ್ರ). ಗಾಬ್ಲಿನ್‌ಗಳು ಎರಡೇಟಿಗೆ ಮುಗಿಸ್ತಿವೆ, ಬತ್ತಳಿಕೆ ಖಾಲಿಯಾದರೂ ಅವು ಬೀಳ್ತಿಲ್ಲ, ಬೇಗ ಬೇಗ ಲೆವೆಲ್ 25 ಮುಟ್ಟಿದರೆ ಸರಿಹೋಗುತ್ತಾ ಅಂತ ಕೇಳಿದೀರಿ. ಹೋಗಲ್ಲ ಗುರೂ, ಇನ್ನೂ ಕೆಡುತ್ತೆ. ಇದೇ ಪ್ರಶ್ನೆ, ಇದೇ ಏಳು ಸ್ಕಿಲ್, ಪದೇ ಪದೇ ಬರ್ತಾ ಇರೋದರಿಂದ ಸ್ವಲ್ಪ ಉದ್ದಕ್ಕೇ ಬರೀತೀನಿ. ಇದೆಲ್ಲ 2006ರ ಮೂಲ ಆಟಕ್ಕೆ. 2025ರ ರೀಮಾಸ್ಟರ್‌ನವರು ಕೆಳಗೆ ನೋಡಿ.

ಮೊದಲು ನಿಮ್ಮ ಏಳು ಮೇಜರ್ ಯಾವ ಆಟ್ರಿಬ್ಯೂಟ್ (ಸ್ಪೀಡ್, ಎಂಡ್ಯೂರೆನ್ಸ್ ಥರದ ಮೂಲ ಗುಣ) ಕೆಳಗೆ ಬರುತ್ತವೆ ನೋಡಿ. ಅಥ್ಲೆಟಿಕ್ಸ್, ಅಕ್ರೊಬ್ಯಾಟಿಕ್ಸ್, ಲೈಟ್ ಆರ್ಮರ್ ಮೂರೂ ಸ್ಪೀಡ್. ಸ್ನೀಕ್, ಮಾರ್ಕ್ಸ್‌ಮನ್ ಅಜಿಲಿಟಿ. ಆಲ್ಕೆಮಿ ಇಂಟೆಲಿಜೆನ್ಸ್, ರೆಸ್ಟೊರೇಶನ್ ವಿಲ್‌ಪವರ್. ಎಂಡ್ಯೂರೆನ್ಸ್‌ಗೆ ಒಂದೂ ಇಲ್ಲ. ಸುಮ್ಮನೆ ಓಡಾಡಿದರೂ, ಗೋಡೆ ಹಾರಿದರೂ ಮೇಜರ್ ಲೆಕ್ಕ ಏರುತ್ತೆ, ಹತ್ತು ತುಂಬಿದ ಕೂಡಲೇ ಮಲಗು ಅಂತ ಆಟ ಹೇಳುತ್ತೆ, ನೀವು ಮಲಗ್ತೀರಿ, ಲೆವೆಲ್ ಏರುತ್ತೆ, ಮೂರು ಆಟ್ರಿಬ್ಯೂಟ್ ಆರಿಸಿ ಏರಿಸ್ತೀರಿ. ಆ ಹತ್ತು ನಾಲ್ಕು ಕಡೆ ಚೆಲ್ಲಿಹೋಗಿರುತ್ತೆ. ಒಂದು ಆಟ್ರಿಬ್ಯೂಟ್‌ನ ಸ್ಕಿಲ್‌ಗಳಲ್ಲಿ 1ರಿಂದ 4 ಏರಿಕೆ ಇದ್ದರೆ +2, 5ರಿಂದ 7ಕ್ಕೆ +3, 8 ಅಥವಾ 9ಕ್ಕೆ +4, 10 ಆದರೆ ಮಾತ್ರ +5. ನಿಮಗೆ ಪ್ರತಿಸಲ +2, +2, +3 ಸಿಕ್ಕಿದೆ. ಶತ್ರುಗಳು ನಿಮ್ಮ ಲೆವೆಲ್ ನೋಡಿ ಏರ್ತಾರೆ, ನಿಮ್ಮ ಆಟ್ರಿಬ್ಯೂಟ್ ನೋಡಿ ಅಲ್ಲ. 20 ದಾಟಿದ ಮೇಲೆ ದಾರಿಯಲ್ಲಿ ಸುಂಕ ಕೇಳೋ ಡಕಾಯಿತನೂ ಗ್ಲಾಸ್ ಆರ್ಮರ್ ತೊಟ್ಟು ನಿಂತಿರ್ತಾನೆ. ಆದ್ದರಿಂದ 25ಕ್ಕೆ ಓಡೋದು ಪರಿಹಾರವೇ ಅಲ್ಲ.

ಈಗ ಎಂಡ್ಯೂರೆನ್ಸ್ ವಿಷಯ. ಬಿಲ್ಲಿನವರು, ಮಂತ್ರದವರು ಎಲ್ಲರೂ ಇದನ್ನ ಕಡೆಗಣಿಸ್ತಾರೆ. "ನಾನು ದೂರದಿಂದ ಹೊಡೀತೀನಿ, ನನಗೆ ಹೆಲ್ತ್ ಯಾಕೆ" ಅನ್ನೋ ವಾದ ಗವಿಯೊಳಗೆ ಮೂಲೆಗೆ ಸಿಕ್ಕಿಬಿದ್ದ ದಿನ ಮುಗಿಯುತ್ತೆ. ಪ್ರತಿ ಲೆವೆಲ್‌ಗೂ ಎಂಡ್ಯೂರೆನ್ಸ್‌ನ ಹತ್ತನೇ ಒಂದು ಭಾಗ ಹೆಲ್ತ್‌ಗೆ ಸೇರುತ್ತೆ, ಹಿಂದಿನ ಲೆವೆಲ್‌ಗಳದ್ದು ಆಮೇಲೆ ಕೂಡಿ ಬರಲ್ಲ. 40ರಲ್ಲೇ ನಿಂತವರಿಗೆ ಲೆವೆಲ್‌ಗೆ 4ರಂತೆ ಹದಿನೈದು ಏರಿಕೆಗೆ 60. ಮೊದಲ ದಿನದಿಂದ ಪ್ರತಿಸಲ +5 ಹಾಕಿದ್ದರೆ ಲೆವೆಲ್ 13ಕ್ಕೆ ಎಂಡ್ಯೂರೆನ್ಸ್ 100, 16ರ ಹೊತ್ತಿಗೆ ಹೀಗೆ ಸೇರಿದ್ದೇ 110ರ ಆಸುಪಾಸು. ಆ 50 ಇನ್ನು ಯಾವತ್ತೂ ವಾಪಸ್ ಬರಲ್ಲ. ಅಜಿಲಿಟಿ, ಸ್ಟ್ರೆಂತ್ ಯಾವಾಗ ಏರಿಸಿದರೂ ಅಷ್ಟೇ ಫಲ. ಎಂಡ್ಯೂರೆನ್ಸ್ ಒಂದಕ್ಕೆ ಮಾತ್ರ ತಡ ಮಾಡಿದಷ್ಟೂ ನಷ್ಟ. ಅದಕ್ಕೇ ಯಾವ ಬಿಲ್ಡ್ ಆಗಿರಲಿ, 100 ಮುಟ್ಟೋವರೆಗೆ ಪ್ರತಿ ಲೆವೆಲ್‌ಗೂ ಮೊದಲ +5 ಇಲ್ಲಿಗೇ ಹೋಗಬೇಕು.

40ರಿಂದ 100ಕ್ಕೆ ಹನ್ನೆರಡು ಲೆವೆಲ್, ಅಂದರೆ ಎಂಡ್ಯೂರೆನ್ಸ್ ಕೆಳಗೆ ಬರೋ ಆರ್ಮರರ್ (ರಿಪೇರಿ), ಬ್ಲಾಕ್ (ಗುರಾಣಿ ತಡೆ), ಹೆವಿ ಆರ್ಮರ್ (ಭಾರದ ಕವಚ) ಮೂರರಲ್ಲಿ ಒಟ್ಟು 120 ಏರಿಕೆ ಸಾಕು. ಮೂರೂ ಮೈನರ್ ಆಗಿರಲಿ. 5ರಿಂದ ಶುರುವಾಗೋದರಿಂದ 285 ಏರಿಕೆ ಕೈಯಲ್ಲಿರುತ್ತೆ, ಎಷ್ಟು ಏರಿಸಿದರೂ ಲೆವೆಲ್ ಮೇಲೆ ಬೀಳಲ್ಲ. ಒಂದು ಲೆವೆಲ್‌ನಲ್ಲಿ 10ಕ್ಕಿಂತ ಹೆಚ್ಚು ಏರಿಸಿದರೆ ಬೋನಸ್ ಮಾತ್ರ +5ರಲ್ಲೇ ನಿಲ್ಲುತ್ತೆ, ಹೆಚ್ಚಿನದ್ದು ದಂಡ. ಹತ್ತಾಯ್ತಾ, ನಿಲ್ಲಿಸಿ, ಮುಂದಿನ ಲೆವೆಲ್‌ಗೆ ಇಟ್ಟುಕೊಳ್ಳಿ.

ಆರ್ಮರರ್ ಏರಿಸೋಕೆ ಕಷ್ಟಪಡೋದು ಬೇಡ. ಸತ್ತವರ ಮೈಮೇಲಿನ ಕವಚ, ಕತ್ತಿ ಎಲ್ಲ ಸಾಮಾನ್ಯವಾಗಿ ಸವೆದಿರುತ್ತೆ. ಮಾರೋ ಮುಂಚೆ ಒಂದೊಂದನ್ನೂ ರಿಪೇರಿ ಮಾಡಿ, ಸ್ಕಿಲ್ಲೂ ಏರುತ್ತೆ, ಬೆಲೆಯೂ ಏರುತ್ತೆ. ಶುರುವಿನಲ್ಲಿ ಹ್ಯಾಮರ್‌ಗಳು ಪಟಪಟ ಮುರೀತವೆ, ಗವಿಗೆ ಹೋಗೋ ಮುಂಚೆ ಹತ್ತಿಪ್ಪತ್ತು ತಗೊಂಡು ಹೋಗಿ. ಆರ್ಮರರ್ 25ಕ್ಕೆ ಹ್ಯಾಮರ್ ಬಾಳಿಕೆ ದುಪ್ಪಟ್ಟು, 50ಕ್ಕೆ ಮಂತ್ರ ಹಾಕಿದ ವಸ್ತುಗಳನ್ನೂ ರಿಪೇರಿ ಮಾಡಬಹುದು, 75ಕ್ಕೆ 125%ವರೆಗೆ, 100ಕ್ಕೆ ಹ್ಯಾಮರ್ ಮುರಿಯೋದೇ ಇಲ್ಲ. ಮಂತ್ರದ ಬಿಲ್ಲು ಇಟ್ಟುಕೊಂಡೋರಿಗೆ ಆ 50 ಬಹಳ ಮುಖ್ಯ. ಇಲ್ಲದಿದ್ದರೆ ಪ್ರತಿಸಲ ಅಂಗಡಿಗೆ ಹೋಗಿ ದುಡ್ಡು ಸುರೀಬೇಕು.

ಬ್ಲಾಕ್‌ಗೆ ಏಡಿ. ನದಿ ದಂಡೆಯಲ್ಲಿ ಎರಡು ಮಡ್‌ಕ್ರ್ಯಾಬ್ ಹಿಂದೆ ಹಾಕಿಕೊಂಡು ಬನ್ನಿ, ಬಂಡೆಗೆ ಬೆನ್ನು ಕೊಟ್ಟು ಗುರಾಣಿ ಎತ್ತಿ ನಿಂತುಕೊಳ್ಳಿ. ಅವು ಕುಟ್ತಾ ಇರಲಿ. ಗುರಾಣಿ ಸವೀತಾ ಬಂದಾಗ ಅವನ್ನ ಕೊಂದು ಗುರಾಣಿ ರಿಪೇರಿ ಮಾಡಿ. ಹೊಡೆದಾಟದ ಮಧ್ಯೆ ರಿಪೇರಿಗೆ ಆಟ ಬಿಡಲ್ಲ. ಆಮೇಲೆ ಇನ್ನೆರಡು ಏಡಿ ಹುಡುಕಿ. ಹೆವಿ ಆರ್ಮರ್ ಏರಬೇಕಾದರೆ ಗುರಾಣಿ ಇಳಿಸಿ ಪೆಟ್ಟು ತಿನ್ನಿ, ಆದರೆ ಮೈಮೇಲೆ ಪೂರ್ತಿ ಐರನ್ ಅಥವಾ ಸ್ಟೀಲ್ ಇರಲಿ. ಬೂಟು ಲೆದರ್, ಎದೆಗೆ ಐರನ್ ಅಂತ ಕಲಬೆರಕೆ ಮಾಡಿದರೆ ಪೆಟ್ಟುಗಳು ಹಂಚಿಹೋಗಿ ಲೈಟ್ ಆರ್ಮರ್ ಕೂಡ ಏರುತ್ತೆ. ನಿಮ್ಮ ಹಾಗೆ ಅದು ಮೇಜರ್ ಆಗಿದ್ದರೆ ಬೇಡದ ಲೆಕ್ಕ ಬೀಳುತ್ತೆ. ಇನ್ನೊಂದು ಹಳ್ಳ ಇದೆ: ಪೆಟ್ಟು ತಿಂದು ತಿಂದು ಹೀಲ್ ಮಂತ್ರ ಹಾಕ್ತೀರಲ್ಲ, ರೆಸ್ಟೊರೇಶನ್ ಮೇಜರ್ ಆಗಿದ್ದರೆ ಏಡಿ ಮುಂದೆ ನಿಂತೇ ಲೆವೆಲ್ ತುಂಬಿಬಿಡುತ್ತೆ. ತರಬೇತಿ ಹೊತ್ತಲ್ಲಿ ಪೋಶನ್ ಕುಡೀರಿ, ಇಲ್ಲ ರೆಸ್ಟೊರೇಶನ್ ಮೈನರ್‌ಗೆ ಹಾಕಿ. ಬ್ಲಾಕ್ ಮತ್ತು ಹೆವಿ ಆರ್ಮರ್‌ಗೆ ಟ್ರೇನರ್ ಹತ್ರ ಹೋಗೋದೂ ಆಗುತ್ತೆ, ಲೆವೆಲ್‌ಗೆ ಐದೇ ಪಾಠ, ಆದರೆ ಆ ಐದೂ +5 ಲೆಕ್ಕಕ್ಕೆ ಸೇರುತ್ತವೆ. ದುಡ್ಡಿದ್ದರೆ ಅರ್ಧ ಕೆಲಸ ಅಲ್ಲೇ ಮುಗೀತು.

ಮೇಜರ್ ಆಯ್ಕೆಯಲ್ಲಿ ಒಂದೇ ಮಾತು: ನೀವು ಬೇಕೆಂದಾಗ ಏರೋದು, ಬೇಡ ಅಂದಾಗ ಸುಮ್ಮನಿರೋದು ಮಾತ್ರ ಮೇಜರ್. ಬಿಲ್ಲಿನ ಬಿಲ್ಡ್‌ಗೆ ಮಾರ್ಕ್ಸ್‌ಮನ್, ಇಲ್ಯೂಶನ್, ಕಾಂಜುರೇಶನ್, ಮಿಸ್ಟಿಸಿಸಂ, ಆಲ್ಟರೇಶನ್, ಡಿಸ್ಟ್ರಕ್ಷನ್ (ಈ ಐದೂ ಮಂತ್ರವಿದ್ಯೆ), ಮರ್ಕಂಟೈಲ್ (ವ್ಯಾಪಾರ) ಹಾಕಿ, ಸ್ಪೆಶಲೈಸೇಶನ್ (ಪಾತ್ರದ ಒಲವು) ಸ್ಟೆಲ್ತ್. ಅಥ್ಲೆಟಿಕ್ಸ್, ಅಕ್ರೊಬ್ಯಾಟಿಕ್ಸ್ ಯಾವ ಕಾರಣಕ್ಕೂ ಮೇಜರ್‌ನಲ್ಲಿ ಬೇಡ. ಸ್ನೀಕ್ ಕೂಡ ಮೈನರ್, ಯಾಕಂದರೆ ದಿನವಿಡೀ ಬಗ್ಗಿಯೇ ಓಡಾಡ್ತೀರಿ. "ಮುಖ್ಯ ಸ್ಕಿಲ್ಲೇ ಮೈನರ್‌ನಲ್ಲಿದ್ದರೆ ಬಿಲ್ಡ್ ಅಂತ ಹೇಗೆ ಹೇಳೋದು" ಅಂತ ಜಗಳಕ್ಕೆ ಬರಬೇಡಿ. ಮೈನರ್ ಆದರೂ 100 ಮುಟ್ಟುತ್ತೆ, ಪರ್ಕ್ (ಸ್ಕಿಲ್ ಏರಿದಾಗ ಸಿಗೋ ವಿಶೇಷ ಲಾಭ) ಎಲ್ಲ ಅವೇ. ಸ್ನೀಕ್ 25 ಆದ ಕೂಡಲೇ ಕದ್ದು ಹೊಡೆದ ಬಾಣಕ್ಕೆ 2 ಪಟ್ಟಿನ ಬದಲು 3 ಪಟ್ಟು ಏಟು. ಮೇಜರ್ ಆಗಿದ್ದರೂ ಅಷ್ಟೇ, ಮೈನರ್ ಆಗಿದ್ದರೂ ಅಷ್ಟೇ.

ಒಂದು ಲೆವೆಲ್‌ನ ಲೆಕ್ಕ ಹೀಗೆ ಇಡಿ. ಮೊದಲು ಏಡಿ ಮತ್ತು ಹ್ಯಾಮರ್‌ನಿಂದ ಎಂಡ್ಯೂರೆನ್ಸ್‌ನ ಹತ್ತು ಮುಗಿಸಿ. ಆಮೇಲೆ ಗವಿಗೆ ಹೋಗಿ ಮಾರ್ಕ್ಸ್‌ಮನ್ ಆರು, ಸ್ನೀಕ್ ನಾಲ್ಕು, ಅಲ್ಲಿಗೆ ಅಜಿಲಿಟಿಯ ಹತ್ತು. ಮೇಜರ್‌ನಲ್ಲಿ ಆರು ಆಯ್ತು, ಉಳಿದ ನಾಲ್ಕನ್ನ ಹೋಟೆಲ್ ಕೋಣೆಯಲ್ಲಿ ನಿಂತು ಅಗ್ಗದ ಇಲ್ಯೂಶನ್ ಅಥವಾ ಕಾಂಜುರೇಶನ್ ಮಂತ್ರ ಹಾಕಿ ತುಂಬಿಸಿ. ಮಂತ್ರಕ್ಕೆ ಎಷ್ಟು ಮ್ಯಾಜಿಕಾ (ಮಂತ್ರಶಕ್ತಿ) ಖರ್ಚಾಯ್ತು ಅನ್ನೋದಕ್ಕೂ ಸ್ಕಿಲ್ ಏರೋದಕ್ಕೂ ಸಂಬಂಧ ಇಲ್ಲ. ಆದ್ದರಿಂದ ಆಟದಲ್ಲಿರೋ ಮಂತ್ರವಾದಿಗಳ ಆರ್ಕೇನ್ ಯೂನಿವರ್ಸಿಟಿಯಲ್ಲಿ ಒಂದು ಸೆಕೆಂಡಿನ ಪುಟ್ಟ ಮಂತ್ರ ಮಾಡಿಸಿಕೊಳ್ಳಿ. ಮೂರನೇ ಆಯ್ಕೆ ಲಕ್. ಅದಕ್ಕೆ ಯಾವ ಸ್ಕಿಲ್ಲೂ ಇಲ್ಲ, ಎಷ್ಟು ಮಾಡಿದರೂ +1, ಅದಕ್ಕೇ ಬೇಕಾದವರು ಮೊದಲ ಲೆವೆಲ್‌ನಿಂದಲೇ ಹಾಕ್ತಾ ಬರಬೇಕು. ಮೂರಕ್ಕೂ +5 ಬೇಕು ಅಂತ ಹಟ ಹಿಡಿದರೆ ಲೆವೆಲ್‌ಗೆ ಮೂವತ್ತು ಏರಿಕೆ. ಆಟ ಆಡೋದು ಬಿಟ್ಟು ಲೆಕ್ಕ ಬರೆಯೋದೇ ಆಗುತ್ತೆ. ಎರಡು +5, ಒಂದು ಲಕ್ ಸಾಕು.

ಏರಿಕೆಗಳನ್ನ ಆಟ ನಿಮಗೆ ಆಟ್ರಿಬ್ಯೂಟ್ ಪ್ರಕಾರ ಬಿಡಿಸಿ ತೋರಿಸಲ್ಲ. ನೋಟ್‌ಬುಕ್ಕಲ್ಲಿ ಏಳು ಸಾಲು ಹಾಕಿ ಗೀಟು ಎಳೀರಿ. ಮಲಗೋ ಮುಂಚೆ ಬೇರೆ ಹೆಸರಲ್ಲಿ ಸೇವ್ ಮಾಡಿ, ಲೆವೆಲ್ ಪರದೆಯಲ್ಲಿ +5 ಕಾಣದಿದ್ದರೆ ವಾಪಸ್ ಲೋಡ್ ಮಾಡಿ ಬಾಕಿ ಮುಗಿಸಿ. ಕ್ವಿಕ್‌ಸೇವ್, ಆಟೋಸೇವ್ ನಂಬಬೇಡಿ, ಎಷ್ಟೋ ಜನರದ್ದು ಕೆಟ್ಟುಹೋಗಿದೆ. ಇನ್ನು ಪುಸ್ತಕ: ಕಪಾಟಿನ ಮೇಲಿರೋ ಸ್ಕಿಲ್ ಪುಸ್ತಕ ಮುಟ್ಟಿದ ಕೂಡಲೇ ತೆರೆದುಕೊಂಡು +1 ಕೊಟ್ಟುಬಿಡುತ್ತೆ. ಮೇಜರ್ ಸ್ಕಿಲ್‌ದಾದರೆ ಅಲ್ಲೇ ಬಿಟ್ಟು ಜಾಗ ಬರೆದಿಟ್ಟುಕೊಳ್ಳಿ, ಹತ್ತಕ್ಕೆ ಒಂದು ಕಮ್ಮಿ ಬಿದ್ದ ದಿನ ಕೆಲಸಕ್ಕೆ ಬರುತ್ತೆ.

ಆಲ್ಕೆಮಿ ಬಗ್ಗೆ ಒಂದು ಬೈಗುಳ. ಮೇಜರ್‌ನಲ್ಲಿಟ್ಟುಕೊಂಡು ಅಡುಗೆಮನೆಗಳಿಂದ ಬ್ರೆಡ್ಡು, ಕ್ಯಾರೆಟ್ಟು ಬಾಚಿ ಒಂದೇ ಸಲ ನೂರು ಪೋಶನ್ ಕುದಿಸ್ತೀರಲ್ಲ, ಎರಡು ಲೆವೆಲ್ ಹೋಯ್ತು, ಬೋನಸ್ ಸಿಕ್ಕಿದ್ದು ಇಂಟೆಲಿಜೆನ್ಸ್‌ಗೆ ಮಾತ್ರ. ಮೈನರ್‌ನಲ್ಲಿಟ್ಟರೆ ಅದೇ ಬ್ರೆಡ್ಡು ಕ್ಯಾರೆಟ್ಟು ವರ. ಬಾಣಕ್ಕೆ ಹಚ್ಚೋ ವಿಷ ಬಿಲ್ಲಿನವರ ಅರ್ಧ ಬಲ, ಅದನ್ನ ಬಿಡಬೇಡಿ.

ಲೆವೆಲ್ಲೇ ಬೇಡ ಅಂತ ಮಲಗದೇ ಇರೋದು ಇನ್ನೊಂದು ದಾರಿ. ಸ್ಕಿಲ್‌ಗಳು ಏರ್ತಾನೇ ಇರ್ತವೆ, ಜಗತ್ತು ಮೆತ್ತಗೇ ಇರುತ್ತೆ. ಆದರೆ ಡೇಡ್ರಿಕ್ ಕ್ವೆಸ್ಟ್‌ಗಳಿಗೆ (ಡೇಡ್ರಾ ಅನ್ನೋ ದೇವತೆಗಳು ಕೊಡೋ ಕೆಲಸಗಳು) ಲೆವೆಲ್ ಬೇಕು: ಅಜುರಾ, ಶಿಯೊಗೊರಾತ್ 2, ಮೆರಿಡಿಯಾ 10, ಹರ್ಸೀನ್, ಮೊಲಾಗ್ ಬಾಲ್ 17, ಬೋಥಿಯಾ, ಕ್ಲಾವಿಕಸ್ ವೈಲ್ 20. ಮುಖ್ಯ ಕಥೆಯಲ್ಲೂ ಒಂದು ಡೇಡ್ರಿಕ್ ವಸ್ತು ಕೊಡಬೇಕಾಗುತ್ತೆ, ಹಾಗಾಗಿ ಲೆವೆಲ್ 1ರಲ್ಲೇ ಕೂರೋಕೆ ಆಗಲ್ಲ. ಚಿಲ್‌ರೆಂಡ್ ಕತ್ತಿ ಥರದ ಬಹುಮಾನಗಳು ನೀವು ಪಡೆದ ದಿನದ ಲೆವೆಲ್‌ಗೇ ಕಟ್ಟಿಬಿದ್ದಿರುತ್ತವೆ, ಆಮೇಲೆ ಏರಲ್ಲ. ಬೇಗ ತಗೊಂಡು ಆಮೇಲೆ ಗೋಳಾಡಬೇಡಿ.

ರೀಮಾಸ್ಟರ್‌ನಲ್ಲಿ ಈ ಏಡಿ ಪುರಾಣ ಬೇಕಾಗಿಲ್ಲ. ಅಲ್ಲಿ ಲೆವೆಲ್‌ಗೆ 12 ಅಂಕ, ಒಂದಕ್ಕೆ ಗರಿಷ್ಠ 5, ಲಕ್‌ಗೆ ಒಂದು ಏರಿಸೋಕೆ 4 ಅಂಕ, ಮೈನರ್ ಸ್ಕಿಲ್‌ಗಳೂ ಲೆವೆಲ್ ಏರಿಸ್ತವೆ. ಅಲ್ಲಿನ ಸಲಹೆ ಇಲ್ಲಿ ಅಂಟಿಸೋರು ದಯವಿಟ್ಟು ಯಾವ ಆಟದ್ದು ಅಂತ ಬರೀರಿ, ಹೊಸಬರು ದಾರಿ ತಪ್ತಾರೆ. ಮೂಲ ಆಟದಲ್ಲೇ ಲೆಕ್ಕದ ಗೋಜು ಬೇಡ ಅನ್ನೋ ಪಿಸಿಯವರು ಎನ್‌ಜಿಸಿಡಿ ಮಾಡ್ (ಅಭಿಮಾನಿಗಳು ಆಟಕ್ಕೆ ಮಾಡಿದ ಬದಲಾವಣೆ) ಹಾಕಿಕೊಳ್ಳಿ, ಅದಕ್ಕೆ ಓಬಿಎಸ್‌ಇ ಅನ್ನೋ ಸಹಾಯಕ ಪ್ರೋಗ್ರಾಂ ಬೇಕು. ಸ್ಕಿಲ್ ನೋಡಿ ಆಟ್ರಿಬ್ಯೂಟ್ ತಾನೇ ಕೂಡಿಸುತ್ತೆ, ಒಳ್ಳೇ ಕೆಲಸ. ಆಸ್ಕ್ಯುರೊ ಓವರ್‌ಹಾಲ್ ಅನ್ನೋ ಮಾಡ್ ಕೂಡ ಚೆನ್ನಾಗಿದೆ, ಆದರೆ ಅದು ಬೇರೆಯೇ ಆಟ ಆಗಿಬಿಡುತ್ತೆ, ಮೊದಲ ಸಲಕ್ಕೆ ನನ್ನ ಮತ ಇಲ್ಲ.

ಈಗ ನಿಮ್ಮ ಲೆವೆಲ್ 16ರ ಬಾಸ್ಮರ್. ಆಟದ ಶುರುವಿನಲ್ಲಿ ಸ್ಯೂಅರ್‌ನಿಂದ (ಚರಂಡಿ ಸುರಂಗ) ಹೊರಬರೋ ಬಾಗಿಲಲ್ಲಿ ಸೇವ್ ಇದ್ದರೆ ಅಲ್ಲಿಗೇ ಹೋಗಿ, ಅಲ್ಲಿ ಜನಾಂಗ, ಬರ್ತ್‌ಸೈನ್ (ಜನ್ಮರಾಶಿ), ಕ್ಲಾಸ್ (ಮೇಜರ್ ಸ್ಕಿಲ್‌ಗಳ ಆಯ್ಕೆ) ಎಲ್ಲ ಬದಲಾಯಿಸೋಕೆ ಬಿಡುತ್ತೆ. ಎಂಡ್ಯೂರೆನ್ಸ್‌ನ ಫೇವರ್ಡ್ (ಕ್ಲಾಸ್‌ನ ನೆಚ್ಚಿನ) ಆಟ್ರಿಬ್ಯೂಟ್ ಮಾಡಿದರೆ +5, ಬರ್ತ್‌ಸೈನ್ ವಾರಿಯರ್ ಅಥವಾ ಲೇಡಿ ತಗೊಂಡರೆ ಇನ್ನೂ +10, ಹನ್ನೆರಡು ಲೆವೆಲ್ ಕೆಲಸ ಒಂಬತ್ತಕ್ಕೆ ಇಳೀತು. ಆ ಸೇವ್ ಅಳಿಸಬೇಡಿ, ಯಾವತ್ತೂ. ಅದಿಲ್ಲ, ಇದೇ ಪಾತ್ರ ಉಳಿಸಬೇಕು ಅಂದರೆ ಇವತ್ತಿಂದ ಓಡೋದು ಬಿಟ್ಟು ಕುದುರೆ ಹತ್ತಿ ಇಲ್ಲ ಮ್ಯಾಪ್‌ನಲ್ಲಿ ಫಾಸ್ಟ್ ಟ್ರಾವೆಲ್ ಮಾಡಿ, ಅಥ್ಲೆಟಿಕ್ಸ್ ಏರಲ್ಲ. ಲೈಟ್ ಆರ್ಮರ್ ತೆಗೆದು ಹೆವಿ ತೊಡಿ. ತರಬೇತಿ ಮುಗಿಯೋವರೆಗೆ ಹಾಸಿಗೆ ಹತ್ರ ಹೋಗಬೇಡಿ. ಡಿಫಿಕಲ್ಟಿ ಸ್ಲೈಡರ್ ಸ್ವಲ್ಪ ಎಡಕ್ಕೆ ಎಳೀರಿ, ಅದರಲ್ಲಿ ನಾಚಿಕೆ ಏನಿಲ್ಲ. ದುಡ್ಡು ಕೂಡಿದಾಗ ಗ್ರ್ಯಾಂಡ್ ಸೋಲ್ (ಎಲ್ಲಕ್ಕಿಂತ ದೊಡ್ಡ ಆತ್ಮ) ತುಂಬಿದ ಜೆಮ್‌ಗಳಿಂದ ಐದು ವಸ್ತುಗಳಿಗೆ ಕೆಮೀಲಿಯನ್ (ಮರೆಮಾಚೋ ಮಂತ್ರ) 20%ರಂತೆ ಹಾಕಿಸಿ. ಐದೂ ತೊಟ್ಟರೆ 100%, ಯಾರಿಗೂ ಕಾಣಲ್ಲ. ಆಟದ ರುಚಿ ಹೋಗುತ್ತೆ, ನಿಜ, ಅದಕ್ಕೇ ಮೂರು ವಸ್ತುವಿಗೆ ನಿಲ್ಲಿಸಿ 60% ಇಟ್ಟುಕೊಂಡು ಬಿಲ್ಲು ಹಿಡೀರಿ. ಈಗಿನ ಸ್ನೀಕ್, ಮಾರ್ಕ್ಸ್‌ಮನ್ ಎಷ್ಟಿದೆ ಅಂತ ಇಲ್ಲೇ ಹಾಕಿ, ಮುಂದಿನ ಮೂರು ಲೆವೆಲ್‌ನ ಲೆಕ್ಕ ಹಾಕಿಕೊಡ್ತೀನಿ.