ಸುಂಕದಕಟ್ಟೆ ಕಡೆ ಹಳೇ ಮನೆ ತಗೊಳ್ತೀರಾ? ಮೆಟ್ರೋ ಆಮೇಲೆ, ಮೊದಲು ಹಳ್ಳ ಎಲ್ಲಿದೆ ನೋಡಿ

ಬೆಂಗಳೂರಿನ ಸುಂಕದಕಟ್ಟೆ ಕಡೆ 20×30 ಅಡಿ ಸೈಟು, ಮೇಲೆ ಶೀಟ್ ಮನೆ, ಮಾಗಡಿ ರೋಡಿಗೆ ಹತ್ತಿರ. ಮೆಟ್ರೋ ಬರುತ್ತೆ, ಆದರೆ ಏರಿಯಾ ಅಷ್ಟು ಚೆನ್ನಾಗಿಲ್ಲ ಅಂತಾರೆ, ಈಗಲೇ ತಗೊಳ್ಳೋದಾ ಕಾಯೋದಾ ಅಂತ ಕೇಳಿದ್ದೀರಿ. 2017ರಲ್ಲಿ ನಾನು ಇದೇ ಪ್ರಶ್ನೆ ಇಟ್ಟುಕೊಂಡು ಅದೇ ರಸ್ತೆಗಳಲ್ಲಿ ಓಡಾಡಿದ್ದೆ. ಅಷ್ಟೇ ಅಳತೆಯ ಸೈಟು, ಅಂಥದ್ದೇ ಮನೆ. ತಗೊಂಡೆ.

ಶೀಟ್ ಮನೆ ಕೆಡವಿ, ಕೆಳಗೆ ನಾವು ಇದ್ದು, ಮೇಲಿನದನ್ನು ಬಾಡಿಗೆಗೆ ಕೊಡುವುದು ನಮ್ಮ ಲೆಕ್ಕ. ಪೀಣ್ಯ, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸು, ಲೇತ್ ಶೆಡ್ಡುಗಳಲ್ಲಿ ದುಡಿಯುವವರಿಗೆ ಮನೆ ಬೇಕೇ ಬೇಕು. ಬಾಡಿಗೆ ಬಂದರೆ ಸಾಲದ ಕಂತು ಅರ್ಧ ಇಳಿಯುತ್ತೆ. ಈ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ.

ಕಾಗದಪತ್ರ ನೋಡದೆ ತಗೊಂಡೆ ಅಂದುಕೊಳ್ಳಬೇಡಿ. ಇಸಿ, ಅಂದರೆ ಆ ಜಾಗದ ಮಾರಾಟ, ಸಾಲಗಳ ನೋಂದಣಿ ವಿವರ ಇರುವ ಋಣಭಾರ ಪತ್ರ ತೆಗೆಸಿದೆ. ಪಾಲಿಕೆ ಸಕ್ರಮ ಅಂತ ಒಪ್ಪಿದ ಆಸ್ತಿಗೆ ಕೊಡುವ ಎ ಖಾತಾ ಇತ್ತು. ವಕೀಲರಿಗೆ ಫೀಸು ಕೊಟ್ಟು ತೋರಿಸಿದೆ. ಬ್ಯಾಂಕೂ ಸಾಲ ಕೊಟ್ಟಿತು. ಬ್ರೋಕರ್ "ಲೀಗಲ್ ಕ್ಲಿಯರ್ ಇದೆ ಸಾರ್" ಅಂದರು. ಅಷ್ಟಾದರೆ ಎಲ್ಲ ಸರಿ ಅಂತ ನಂಬಿದೆ. ನಾನು ಎಡವಿದ್ದು ಅಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ವಕೀಲರು ನೋಡುವುದು ಜಾಗ ಯಾರದು, ಮಾರುವವರಿಗೆ ಹಕ್ಕಿದೆಯಾ, ಅದರ ಮೇಲೆ ಸಾಲ ಇದೆಯಾ ಅಂತ. ಅಲ್ಲಿ ಮನೆ ಕಟ್ಟಲು ಬಿಡುತ್ತಾರಾ ಅನ್ನುವುದು ಬೇರೆಯೇ ಪ್ರಶ್ನೆ. ನಾನು ಅದನ್ನು ಕೇಳಲಿಲ್ಲ, ಅವರು ಹೇಳಲಿಲ್ಲ. ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ಸರ್ಕಾರಿ ಕಾಲುವೆ, ಇಸಿಯಲ್ಲಿ ಕಾಣಲ್ಲ, ಖಾತೆಯಲ್ಲೂ ಕಾಣಲ್ಲ. ಗ್ರಾಮ ನಕ್ಷೆಯಲ್ಲಿ ಕಾಣುತ್ತೆ. ಹಳೇ ಕ್ರಯಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿಗೆ ಏನಿದೆ ಅಂತ ಬರೆದಿರುವಲ್ಲಿ, ಕಾಣುತ್ತೆ. ನನ್ನ ಕ್ರಯಪತ್ರದಲ್ಲಿ ದಕ್ಷಿಣಕ್ಕೆ ಚರಂಡಿ ಅಂತ ಇತ್ತು. ಮನೆ ಹಿಂದೆ ಚರಂಡಿ ಇದ್ದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಅದೇ ಜಾಗದ ಹಿಂದಿನ ಪತ್ರದಲ್ಲಿ, ಕೈಬರಹದಲ್ಲಿ, ದಕ್ಷಿಣಕ್ಕೆ ಸರ್ಕಾರಿ ಹಳ್ಳ ಅಂತ ಬರೆದಿತ್ತು. ಆ ಪತ್ರದ ಜೆರಾಕ್ಸ್ ನನ್ನ ಫೈಲಿನಲ್ಲೇ ಇತ್ತು! ಯಾರಿಂದ ಯಾರಿಗೆ ಬಂತು ಅಂತ ಹೆಸರುಗಳನ್ನು ಮಾತ್ರ ನೋಡಿದೆ. ನಾಲ್ಕು ದಿಕ್ಕು ಓದಲಿಲ್ಲ.

ಮೊದಲ ಮಳೆಗಾಲದಲ್ಲೇ ನೀರು ಒಳಗೆ ಬಂತು. ಆಮೇಲೆ ಪ್ಲಾನ್ ಮಂಜೂರಾತಿಗೆ ಹೋದಾಗ ಎಂಜಿನಿಯರ್ ಗ್ರಾಮ ನಕ್ಷೆ ತೆಗೆದು ನಮ್ಮ ಸೈಟಿನ ಹಿಂದಿನ ಗೆರೆ ತೋರಿಸಿದರು. ಅದೇ ಆ ಹಳ್ಳ, ಲೆಕ್ಕದಲ್ಲಿ ತೃತೀಯ ಕಾಲುವೆ, ಅಂದರೆ ಚಿಕ್ಕ ದರ್ಜೆಯ ರಾಜಕಾಲುವೆ. ಹಸಿರು ನ್ಯಾಯಮಂಡಳಿ 2016ರಲ್ಲಿ ಕಾಲುವೆ ಬಫರನ್ನು, ಅಂದರೆ ಕಾಲುವೆ ಪಕ್ಕ ಏನೂ ಕಟ್ಟದೆ ಬಿಡಬೇಕಾದ ಜಾಗವನ್ನು, ಜಾಸ್ತಿ ಮಾಡಿತ್ತು. ತೃತೀಯ ಕಾಲುವೆಗೂ ಅಂಚಿನಿಂದ 25 ಮೀಟರ್. ಸುಪ್ರೀಂ ಕೋರ್ಟಿನಲ್ಲಿ ಕೇಸಿದೆ, ಕಾಯಿರಿ ಅಂದರು. ಕಾದೆವು. 2019ರ ಮಾರ್ಚಿನಲ್ಲಿ ಕೋರ್ಟು ಆ ಆದೇಶ ತೆಗೆದುಹಾಕಿತು. ಮನೆಯಲ್ಲಿ ಹಬ್ಬದ ಅಡುಗೆ ಮಾಡಿದ್ದೆವು. ಆಮೇಲೆ ಟೇಪ್ ಹಿಡಿದೆವು. ಮತ್ತೆ ಲೆಕ್ಕಕ್ಕೆ ಬಂದ 'ಮಾಸ್ಟರ್ ಪ್ಲಾನ್ 2015' ಪ್ರಕಾರ ತೃತೀಯ ಕಾಲುವೆಗೆ ನಡುಮಧ್ಯದಿಂದ 15 ಮೀಟರ್, ಅಂದರೆ ಸುಮಾರು 49 ಅಡಿ. ಕಾಲುವೆಯ ಅಗಲ 10 ಅಡಿ, ಅದರ ಅರ್ಧ 5 ಕಳೆದರೂ ಇನ್ನೂ 44 ಅಡಿ ಬಿಡಬೇಕು. ನಮ್ಮ ಸೈಟಿನ ಉದ್ದವೇ 30. ಒಂದು ಗೋಡೆಗೂ ಜಾಗ ಉಳಿಯಲಿಲ್ಲ.

ಪ್ಲಾನ್ ಇಲ್ಲ ಅಂದಮೇಲೆ ಕಟ್ಟಲು ಬ್ಯಾಂಕ್ ಸಾಲವೂ ಇಲ್ಲ. ಸುಮ್ನೆ ಕಟ್ಟಿಬಿಡಿ, ಎಲ್ಲರೂ ಕಟ್ಟಿಲ್ವಾ ಅಂದವರು ಬಹಳ ಜನ. ನನಗೆ ಧೈರ್ಯ ಬರಲಿಲ್ಲ. ಕೊನೆಗೆ ಮಾರಿದೆವು. ಕಾಲುವೆ ವಿಷಯ ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ, ನಕ್ಷೆ ತೋರಿಸಿಯೇ ಮಾರಿದೆವು. ಪಕ್ಕದ ಬೀದಿಯ ರೇಟಿಗಿಂತ ತೀರಾ ಕಮ್ಮಿಗೆ ಹೋಯಿತು. ಹೆಂಡತಿಯ ಬಳೆ ಮಾರಿದ ದುಡ್ಡೂ ಅದರಲ್ಲಿತ್ತು.

ಇನ್ನು ಏರಿಯಾ ಚೆನ್ನಾಗಿಲ್ಲ ಅನ್ನುವ ಮಾತು. ಇದನ್ನು ನಾನು ಒಪ್ಪಲ್ಲ. ನೀರು ನುಗ್ಗಿದ ರಾತ್ರಿ ಅಕ್ಕಿ ಚೀಲ, ಮಕ್ಕಳ ಪುಸ್ತಕ ಎತ್ತಿ ಮೇಲಿಟ್ಟಿದ್ದು ಪಕ್ಕದ ವಠಾರದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಬೆಳಿಗ್ಗೆ ಶಿಫ್ಟಿಗೆ ಹೋಗಬೇಕಿದ್ದವರು ನಡುರಾತ್ರಿವರೆಗೂ ನಮ್ಮ ಮನೆಯ ನೀರು ಬಳಿದರು. ದುಡಿದು ತಿನ್ನುವ ಜನ ಇರುವ ಕಡೆ ಬದುಕುವುದಕ್ಕೆ ಯಾಕೆ ಹೆದರಬೇಕು? ಮೆಟ್ರೋ ಬಂದು ಬಾಡಿಗೆ ಏರಿದರೆ ಮೊದಲು ಜಾಗ ಖಾಲಿ ಮಾಡಬೇಕಾದವರು ಅವರೇ. ಅದು ನನಗೆ ಈಗಲೂ ಸಂಕಟ.

ಮೆಟ್ರೋ ನೆಚ್ಚಿಕೊಂಡು ಅವಸರ ಮಾಡಬೇಡಿ. ಮೂರನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2024ರ ಆಗಸ್ಟಿನಲ್ಲಿ. ಹೊಸಹಳ್ಳಿಯಿಂದ ಕಡಬಗೆರೆಗೆ ಹೋಗುವ ಆ ಲೈನಿನಲ್ಲಿ ಸುಂಕದಕಟ್ಟೆಯೂ ಇದೆ, ನಿಜ. ಮಾರುವವರು ಅದನ್ನು ಆಗಲೇ ರೇಟಿಗೆ ಸೇರಿಸಿರುತ್ತಾರೆ. ಏರಿಯಾ ಏರಿದರೂ ಕಟ್ಟಲಾಗದ ಸೈಟು ಏರಲ್ಲ. ಹಾಗಾಗಿ ಈಗಲೋ ಆಮೇಲೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತೆ. ಈ ಸೈಟಾ, ಬೇರೆ ಸೈಟಾ ಅಂತ ಕೇಳಿ.

ಫೋನಿಗೆ ದಿಶಾಂಕ್ ಆಪ್ ಹಾಕಿಕೊಂಡು ಸೈಟಿನ ಮೇಲೆ ನಿಂತು ನೋಡಿ, ಸರ್ವೆ ನಂಬರ್ ತೋರಿಸುತ್ತೆ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆ ಸಿಗುತ್ತೆ, ಅದರ ಜೊತೆ ಹೋಲಿಸಿ. ಹಳೇ ಪಹಣಿಯಲ್ಲಿ ಬಿ ಖರಾಬು ಇದೆಯಾ ನೋಡಿ. ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ ಬರುವುದು ಅದರಲ್ಲಿ. ಮೂಲಪತ್ರದಿಂದ ಇಲ್ಲಿಯವರೆಗಿನ ಚೆಕ್ಕುಬಂದಿ ಒಂದೊಂದಾಗಿ ಓದಿ. ಬಫರ್ ಅಳತೆ ನನ್ನ ಕಣ್ಣೆದುರೇ ಬದಲಾಗಿದೆ, ಆದ್ದರಿಂದ ಈಗಿನ ನಿಯಮವನ್ನು ಪಾಲಿಕೆಯ ನಗರ ಯೋಜನೆ ವಿಭಾಗದಲ್ಲೇ ಕೇಳಿ. ಆಮೇಲೆ ಒಂದು ಜೋರು ಮಳೆ ಬಂದ ಸಂಜೆ ಹೋಗಿ, ನೀರು ಎಲ್ಲಿವರೆಗೆ ಬರುತ್ತೆ ಅಂತ ಅಲ್ಲಿನ ಅಂಗಡಿಯವರನ್ನು ವಿಚಾರಿಸಿ.

ಇಷ್ಟೂ ಆಗುವವರೆಗೆ ಅಡ್ವಾನ್ಸ್ ಕೊಡಬೇಡಿ. "ನಾಳೆ ಇನ್ನೊಂದು ಪಾರ್ಟಿ ಬರ್ತಾ ಇದೆ ಸಾರ್" ಅಂತ ಬ್ರೋಕರ್ ಅಂದರೆ, ಅವರೇ ತಗೊಳ್ಳಲಿ ಬಿಡಿ.