ಬರಹಗಾರರಿಗೆ ಸಲಹೆ: ಸಮಾಧಿ ಕಟ್ಟಿಸಿದವರು ಯಾರು?

ಮಂಡ್ಯದ ಗೆಳೆಯರಿಗೆ ನಮಸ್ಕಾರ.

ನೀವು ಕಳಿಸಿದ ‘ಪ್ರಾಚೀನ ನಗರಗಳ ಸಮಾಧಿಗಳು ಮತ್ತು ರಾಜಕೀಯ ಅಧಿಕಾರ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸೂ ಬರಲಿಲ್ಲ. ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹದಿನಾಲ್ಕು ಪುಟದಲ್ಲಿ ಒಂಬತ್ತು ನಗರ ಸುತ್ತಿಸಿದ್ದೀರಿ. ಎಲ್ಲ ಕಡೆಯೂ ಒಂದೇ ಲೆಕ್ಕ: ಸಮಾಧಿಯಲ್ಲಿ ಒಡವೆ ಜಾಸ್ತಿ ಇದ್ದರೆ ಸತ್ತವರ ಅಧಿಕಾರವೂ ಜಾಸ್ತಿ. ಇದು ಪೂರ್ತಿ ತಪ್ಪಲ್ಲ. ಚೀನಾದ ಅನ್ಯಾಂಗ್‌ನಲ್ಲಿ 1976ರಲ್ಲಿ ಸಿಕ್ಕಿದ ಫು ಹಾವ್ ರಾಣಿಯ ಸಮಾಧಿಯಲ್ಲಿ ನಾನೂರಕ್ಕೂ ಹೆಚ್ಚು ಕಂಚಿನ ಸಾಮಾನುಗಳಿದ್ದವು. ಆಕೆ ದಂಡು ನಡೆಸಿದವಳು ಅಂತ ಆ ಕಾಲದಲ್ಲಿ ಶಕುನ ಕೇಳಲು ಮೂಳೆ ಮೇಲೆ ಕೆತ್ತಿದ ಬರಹಗಳೂ ಹೇಳುತ್ತವೆ. ಅಲ್ಲಿ ನಿಮ್ಮ ಲೆಕ್ಕ ತಾಳೆಯಾಗುತ್ತದೆ. ಬೇರೆ ಕಡೆ ಬರಹವೇ ಇಲ್ಲದಿದ್ದಾಗ ಏನು ಮಾಡುತ್ತೀರಿ?

ಸತ್ತವರು ತಮ್ಮ ಮೇಲೆ ತಾವೇ ಮಣ್ಣು ಹಾಕಿಕೊಳ್ಳುವುದಿಲ್ಲ ಅಲ್ವಾ. ಜಾಗ ಆರಿಸುವವರು, ದುಡ್ಡು ಹಾಕುವವರು, ಯಾರ ಪಕ್ಕ ಯಾರನ್ನು ಮಲಗಿಸಬೇಕು ಎಂದು ತೀರ್ಮಾನಿಸುವವರು ಎಲ್ಲರೂ ಬದುಕಿರುವವರೇ. ನಿಮ್ಮ ಲೇಖನದಲ್ಲಿ ಅವರು ಒಬ್ಬರೂ ಕಾಣಲಿಲ್ಲ.

ಶ್ರೀರಂಗಪಟ್ಟಣದ ಗುಂಬಜ್‌ಗೆ ನೀವು ಅರ್ಧ ಸಾಲು ಕೊಟ್ಟು ಮುಂದೆ ಹೋಗಿದ್ದೀರಿ. ಮಂಡ್ಯದಿಂದ ಬಸ್ ಹತ್ತಿದರೆ ಒಂದು ಗಂಟೆ ದಾರಿ. ಅದನ್ನೇ ನೋಡೋಣ. ಹೈದರಲಿ 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರ ದಂಡಿನ ಬಿಡಾರದಲ್ಲಿ ತೀರಿಕೊಂಡ. ಮಗ ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಗೆ ಬಂದರೆ ಪಟ್ಟಕ್ಕೆ ಬೇರೆ ಯಾರಾದರೂ ಕೈ ಹಾಕಬಹುದು ಎಂದು ಅಧಿಕಾರಿಗಳು ಸಾವನ್ನೇ ಗುಟ್ಟಾಗಿಟ್ಟರು. ಹೆಣವನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕಾವಲು ಹಾಕಿ ಕೋಲಾರಕ್ಕೆ ಕಳಿಸಿದರು. ಮೊದಲು ಹೂಳಿದ್ದು ಅಲ್ಲಿ. ಆಮೇಲೆ ರಾಜಧಾನಿಗೆ ತಂದು, ಗಂಜಾಂ ಪಕ್ಕ ಟಿಪ್ಪು ಕಟ್ಟಿಸಿದ ಗುಂಬಜ್‌ನಲ್ಲಿ ಇಟ್ಟರು. ರಾಜವಂಶದಲ್ಲಿ ಹುಟ್ಟದ ಅಪ್ಪನಿಗೆ ಮಗ ಹಾಗೆ ಕಪ್ಪು ಕಲ್ಲಿನ ಕಂಬಗಳ ಸಮಾಧಿ ಕಟ್ಟಿಸುತ್ತಾನೆ ಅಂದರೆ, ಆ ಕಟ್ಟಡ ಅಪ್ಪನ ಬಗ್ಗೆ ಎಷ್ಟು ಹೇಳುತ್ತದೋ ಮಗನ ಪಟ್ಟದ ಬಗ್ಗೆಯೂ ಅಷ್ಟೇ ಹೇಳುತ್ತದೆ.

ಇನ್ನೂ ಇದೆ. 1799ರ ಮೇ 4ರಂದು ಟಿಪ್ಪು ಸತ್ತ. ಮಾರನೇ ದಿನ ಸೇನಾ ಮರ್ಯಾದೆಯೊಂದಿಗೆ ಅದೇ ಗುಂಬಜ್‌ನಲ್ಲಿ ಮಣ್ಣು ಮಾಡಿಸಿದವರು ಅವನನ್ನು ಸೋಲಿಸಿದ ಬ್ರಿಟಿಷರು. ಬಾಗಿಲುಗಳನ್ನು ನೋಡಿದ್ದೀರಾ? ಕರಿಮರಕ್ಕೆ ದಂತ ಕೂರಿಸಿದ ಕೆಲಸ. ಅವನ್ನು ಮಾಡಿಸಿಕೊಟ್ಟವನು ಗವರ್ನರ್ ಜನರಲ್ ಡಾಲ್‌ಹೌಸಿ. ನಮ್ಮ ಅಕ್ಷರ ಓದಲು ಬಾರದ ಉತ್ಖನನಕಾರರು ಎರಡು ಸಾವಿರ ವರ್ಷ ಬಿಟ್ಟು ಬಂದು ನಿಮ್ಮ ಲೆಕ್ಕ ಹಿಡಿದರೆ, ಇಲ್ಲಿ ಮಲಗಿದವನು ಗೆದ್ದು ಸತ್ತ ಅಂತಲೇ ಬರೆಯುತ್ತಾರೆ.

ಇನ್ನು ನಿಮ್ಮ ಮೊಹೆಂಜೊದಾರೊ. ಅಲ್ಲಿ ರಾಜನ ಸಮಾಧಿ ಸಿಕ್ಕಿಲ್ಲ, ನಿಜ. ‘ಆದ್ದರಿಂದ ಅಲ್ಲಿ ಪ್ರಜಾಪ್ರಭುತ್ವ ಇತ್ತು’ ಎಂದು ಬರೆದಿದ್ದೀರಿ. ಅದನ್ನು ದಯವಿಟ್ಟು ತೆಗೆಯಿರಿ. ನಮ್ಮ ಮೈಸೂರಿನಲ್ಲಿ 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡಾಗ ಮಧುವನದಲ್ಲಿ ಚಿತೆಗೆ ಬೆಂಕಿ ಇಟ್ಟರು. ಚಿನ್ನ ತುಂಬಿದ ಗುಂಡಿಯನ್ನೇ ಹುಡುಕುವವರಿಗೆ ಈ ಊರಲ್ಲಿ ಅರಸರೇ ಸಿಗುವುದಿಲ್ಲ. ಮೆಕ್ಸಿಕೋದ ತಿಯೋತಿವಾಕಾನ್‌ನಲ್ಲೂ ರಾಜನ ಸಮಾಧಿ ಈವರೆಗೆ ಸಿಕ್ಕಿಲ್ಲ. ಸಿಕ್ಕಿದ್ದು ಗರಿ ಸರ್ಪದ ಪಿರಮಿಡ್ಡಿನ ಕೆಳಗೆ ನೂರಕ್ಕೂ ಹೆಚ್ಚು ಜನರ ಮೂಳೆಗಳು, ಎಷ್ಟೋ ಜನರ ಕೈ ಬೆನ್ನ ಹಿಂದೆ. ಆ ಕೈ ಕಟ್ಟಿಸಿದವರಿಗೆ ಎಷ್ಟು ಅಧಿಕಾರ ಇತ್ತು ಎಂದು ತಿಳಿಯಲು ಅವರ ಸ್ವಂತ ಸಮಾಧಿ ಬೇಕಾಗಿಲ್ಲ.

ಉರ್ ನಗರದ ಭಾಗ ನಿಮ್ಮ ಲೇಖನದಲ್ಲಿ ಚೆನ್ನಾಗಿದೆ. ಪುರಾತತ್ವಜ್ಞ ಲಿಯೊನಾರ್ಡ್ ವೂಲಿ 1920ರ ದಶಕದಲ್ಲಿ ಇರಾಕಿನಲ್ಲಿ ಅಗೆದದ್ದು, ಅಲ್ಲಿ ಹೂತಿದ್ದ ಪುಆಬಿ ಎಂಬ ಹೆಂಗಸಿನ ಮುದ್ರೆಯಲ್ಲಿ ‘ರಾಣಿ’ ಎಂದಿದ್ದು ಗಂಡನ ಹೆಸರಿಲ್ಲದಿರುವುದು, ಎಲ್ಲವೂ ಸರಿಯಾಗಿದೆ. ಆದರೆ ‘ದೊಡ್ಡ ಸಾವಿನ ಗುಂಡಿಯಲ್ಲಿ 74 ಸೇವಕರು’ ಎಂದು ಬರೆದು ನಿಲ್ಲಿಸಿಬಿಟ್ಟಿರಿ. ಒಡೆಯರ ಜೊತೆಗೇ ಮಣ್ಣಾದ ಅವರಲ್ಲಿ 68 ಮಂದಿ ಹೆಂಗಸರು. ತಲೆಗೆ ಚಿನ್ನದ ಇಲ್ಲವೇ ಬೆಳ್ಳಿಯ ಪಟ್ಟಿ. ಒಬ್ಬಳ ತಲೆಯಲ್ಲಿ ಮಾತ್ರ ಪಟ್ಟಿ ಇರಲಿಲ್ಲ. ಅವಳ ಬೆಳ್ಳಿ ಪಟ್ಟಿ ಸೊಂಟದ ಹತ್ತಿರ, ಸುತ್ತಿಟ್ಟ ಸುರುಳಿಯಾಗಿಯೇ ಸಿಕ್ಕಿತು. ಹೊತ್ತಾಯಿತೆಂದು ಓಡಿ ಬಂದಿರಬೇಕು, ಮುಡಿಯಲು ಪುರಸೊತ್ತು ಸಿಕ್ಕಿಲ್ಲ ಅಂತ ವೂಲಿ ಊಹಿಸಿದರು. ಇವರೆಲ್ಲ ವಿಷ ಕುಡಿದು ತಾವಾಗಿಯೇ ಮಲಗಿದರು ಎಂಬುದೂ ಅವರದೇ ಊಹೆ. ಎಷ್ಟೋ ವರ್ಷದ ಮೇಲೆ ಆ ಸ್ಮಶಾನದ ಎರಡು ತಲೆಬುರುಡೆಗಳನ್ನು ಸಿಟಿ ಸ್ಕ್ಯಾನ್ ಮಾಡಿದಾಗ ತಲೆಗೆ ಹೊಡೆದ ಗುರುತು ಕಂಡಿತು. ಒಪ್ಪಿ ಬಂದದ್ದೋ, ಎಳೆದು ತಂದದ್ದೋ? ಅಧಿಕಾರದ ಪ್ರಶ್ನೆ ಇರುವುದು ಇಲ್ಲಿ. ಆ ಬೆಳ್ಳಿ ಸುರುಳಿಗೆ ಒಂದು ಪುಟ ಕೊಡಿ. ಉಳಿದ ನಗರಗಳನ್ನು ಬಿಟ್ಟರೂ ನನಗೆ ಬೇಜಾರಿಲ್ಲ.

ನಾಲ್ಕನೇ ಪುಟದ ಕೊನೆಗೆ ಕಂಸದಲ್ಲಿ ಒಂದು ಮಾತು ಹಾಕಿದ್ದೀರಿ: ‘ನಮ್ಮ ತಾತನ ಸಮಾಧಿ ಗದ್ದೆ ಮೂಲೆಯಲ್ಲಿತ್ತು, ಭಾಗ ಆದ ಮೇಲೆ ದೊಡ್ಡಪ್ಪ ರಸ್ತೆ ಕಡೆಗೆ ಕಾಣುವ ಹಾಗೆ ಗ್ರಾನೈಟ್ ಹಾಕಿಸಿದರು.’ ಅದನ್ನು ಓದಿ ನಾನು ಪೆನ್ನು ಕೆಳಗಿಟ್ಟೆ. ಕಲ್ಲಿನ ಮೇಲೆ ಯಾರ ಯಾರ ಹೆಸರು ಕೆತ್ತಿಸಿದರು? ನಿಮ್ಮ ಅಪ್ಪನ ಹೆಸರು ಇದೆಯಾ? ಹಾಲು ತುಪ್ಪ ಬಿಡುವ ದಿನ ಮುಂದೆ ನಿಂತವರು ಯಾರು, ಅತ್ತೆಯರು ಎಲ್ಲಿ ನಿಂತಿದ್ದರು? ಇದನ್ನೆಲ್ಲ ಕಣ್ಣಾರೆ ಕಂಡ ನೀವು ಉರ್ ಬಗ್ಗೆ ಬರೆದರೆ ಅದು ಬೇರೆಯೇ ಆಗಿರುತ್ತದೆ.

ಭಾಷೆ ಬಗ್ಗೆ ಒಂದೇ ಮಾತು. ‘ಶವಸಂಸ್ಕಾರ ಪದ್ಧತಿಗಳ ಸಾಮಾಜಿಕ ಶ್ರೇಣೀಕರಣ’ ಅಂತ ಬರೆಯಬೇಡಿ. ‘ಯಾರನ್ನು ಹೇಗೆ ಹೂಳಿದರು’ ಅನ್ನಿ, ಸಾಕು.

ಒಂದು ಭಾನುವಾರ ಗುಂಬಜ್‌ಗೆ ಹೋಗಿ ಬನ್ನಿ. ಒಳಗೆ ನಡುವೆ ಯಾರು, ಎಡಬಲಕ್ಕೆ ಯಾರು ಅಂತ ಬರೆದುಕೊಳ್ಳಿ. ಆಮೇಲೆ ಕಂಸ ತೆಗೆದು, ಆ ಗದ್ದೆ ಮೂಲೆಯಿಂದಲೇ ಶುರು ಮಾಡಿ, ಆರು ಪುಟದಲ್ಲಿ ಮುಗಿಸಿ ಕಳಿಸಿ. ಗ್ರಾನೈಟಿನ ಫೋಟೋ ಇದ್ದರೆ ಅದನ್ನೂ ಹಾಕಿ, ಆದರೆ ದೊಡ್ಡಪ್ಪನವರನ್ನು ಕೇಳಿಯೇ.